ಒಂದೇ ಸೀರೆ, ಇಬ್ಬರು ಗ್ರಾಹಕರು, ಎರಡು ಡೇಟಾಬೇಸ್

ಕರ್ನಾಟಕದ ಕೈಮಗ್ಗ ಮತ್ತು ಕರಕುಶಲ ವಸ್ತುಗಳನ್ನು ಮಾರುವ ಒಂದು ಆನ್‌ಲೈನ್ ಮಳಿಗೆಯ ಪ್ರಕರಣವಿದು. ಮಳಿಗೆಯ ಹೆಸರು, ಊರು, ಸಿಬ್ಬಂದಿಯ ಗುರುತು ಬಿಟ್ಟಿದ್ದೇವೆ. ವಹಿವಾಟಿನ ಅಂಕಿಗಳನ್ನೂ ಬದಲಿಸಿದ್ದೇವೆ; ಅವನ್ನು ಗಾತ್ರದ ಅಂದಾಜಿಗೆ ಮಾತ್ರ ಓದಿಕೊಳ್ಳಬೇಕು. ತಾಂತ್ರಿಕ ನಿರ್ಧಾರಗಳು, ಅವು ಕೆಟ್ಟ ಬಗೆ, ಸರಿಪಡಿಸಿದ ಕ್ರಮ ಇವಿಷ್ಟೇ ಇಲ್ಲಿ ಮುಖ್ಯ. ರಿಲೇಷನಲ್ ಡೇಟಾಬೇಸ್ (ಸಾಲು, ಕಾಲಂಗಳ ಟೇಬಲ್‌ಗಳಲ್ಲಿ ದತ್ತಾಂಶ ಇಡುವ ಬಗೆ) ಜೊತೆಗೆ ಇನ್ನೊಂದು ಬಗೆಯ ಡೇಟಾಬೇಸ್ ಜೋಡಿಸಲು ಹೊರಟ ಯಾವ ತಂಡಕ್ಕಾದರೂ ಇದೇ ಗುಂಡಿಗಳು ಎದುರಾಗುತ್ತವೆ.

ಹಿನ್ನೆಲೆ

ಸುಮಾರು 4,000 ಬಗೆಯ ವಸ್ತುಗಳು, ನಾಲ್ಕು ಜನರ ತಾಂತ್ರಿಕ ತಂಡ, ಮೊದಲಿಗೆ ಪೋಸ್ಟ್‌ಗ್ರೆಸ್ ಎಂಬ ಒಂದೇ ರಿಲೇಷನಲ್ ಡೇಟಾಬೇಸ್. ಆರ್ಡರ್, ಪಾವತಿ, ಸ್ಟಾಕ್, ನೇಕಾರರಿಗೆ ಕೊಡಬೇಕಾದ ಹಣ ಎಲ್ಲವೂ ಅದರಲ್ಲೇ ಸರಾಗವಾಗಿ ನಡೆಯುತ್ತಿತ್ತು. ತೊಡಕಿದ್ದದ್ದು ಸರಕಿನ ವಿವರದಲ್ಲಿ. ಇಳಕಲ್ ಸೀರೆಗೆ ಉದ್ದ, ಒಡಲಿನ ನೂಲು, ದಡಿ ಚಿಕ್ಕಿಯೋ ಗೋಮಿಯೋ ಗಾಡಿಯೋ, ಸೆರಗು ಟೋಪಿ ತೆನೆಯೋ ಅಲ್ಲವೋ ಎಂದು ಬರೆಯಬೇಕು. ಚನ್ನಪಟ್ಟಣದ ಆಟಿಕೆಗೆ ಮಗುವಿನ ವಯಸ್ಸು, ಮರ, ಅರಗಿನ ಬಣ್ಣ. ಕಾಫಿ ಪುಡಿಗೆ ಚಿಕೋರಿ ಎಷ್ಟು, ಹುರಿದ ಹದ ಯಾವುದು, ಪೊಟ್ಟಣದ ತೂಕ. ಒಂದರ ಕಾಲಂ ಇನ್ನೊಂದಕ್ಕೆ ಹೊಂದುವುದಿಲ್ಲ.

ಇದಕ್ಕೆ ತಂಡ ಆರಿಸಿಕೊಂಡದ್ದು ಬಹಳ ಕಡೆ ಕಾಣುವ ದಾರಿ: ವಸ್ತು, ಗುಣ, ಮೌಲ್ಯ ಎಂಬ ಮೂರು ಕಾಲಂಗಳ ಒಂದು ಉದ್ದನೆಯ ಟೇಬಲ್. ಇಎವಿ ಎಂದು ಇದನ್ನು ಕರೆಯುತ್ತಾರೆ. ಪ್ರತಿ ಗುಣಕ್ಕೂ ಒಂದು ಸಾಲು. ‘ಗೋಮಿ ದಡಿ, ರೇಷ್ಮೆ ಒಡಲು, ಕೆಂಪು, ಟೋಪಿ ತೆನೆ’ ಎಂದು ನಾಲ್ಕು ಷರತ್ತು ಹಾಕಿ ಹುಡುಕಿದರೆ ಅದೇ ಟೇಬಲನ್ನು ನಾಲ್ಕು ಸಲ ಜಾಯಿನ್ ಮಾಡಬೇಕು, ಅಂದರೆ ಒಂದಕ್ಕೊಂದು ಜೋಡಿಸಬೇಕು. ಮೌಲ್ಯದ ಕಾಲಂ ಪಠ್ಯರೂಪದ್ದಾದ್ದರಿಂದ ಕಾಫಿ ಪೊಟ್ಟಣಗಳನ್ನು ತೂಕದ ಕ್ರಮದಲ್ಲಿ ಜೋಡಿಸಿದರೆ 100, 1000, 250, 500 ಎಂದು ಬರುತ್ತಿತ್ತು. ಒಂದು ವಸ್ತುವಿನ ಪುಟ ತೆರೆಯಲು ಹತ್ತಾರು ಸಣ್ಣ ಕ್ವೆರಿಗಳು (ಡೇಟಾಬೇಸಿಗೆ ಕೇಳುವ ಪ್ರಶ್ನೆಗಳು) ಓಡುತ್ತಿದ್ದವು. ಒಟ್ಟು ಸಾಲುಗಳು ಒಂದು ಲಕ್ಷದ ಆಸುಪಾಸು. ಪೋಸ್ಟ್‌ಗ್ರೆಸ್‌ಗೆ ಅದೇನೂ ದೊಡ್ಡ ಹೊರೆ ಅಲ್ಲ. ದತ್ತಾಂಶದ ಆಕಾರಕ್ಕೂ ಟೇಬಲಿನ ಆಕಾರಕ್ಕೂ ಹೊಂದಾಣಿಕೆ ಇರಲಿಲ್ಲ ಎಂಬುದೇ ನಿಜವಾದ ಕಾಯಿಲೆ.

ತಂಡ ಸರಕಿನ ವಿವರವನ್ನು ಮೊಂಗೋಡಿಬಿಗೆ, ಅಂದರೆ ಟೇಬಲಿನ ಬದಲು ಡಾಕ್ಯುಮೆಂಟ್‌ಗಳಲ್ಲಿ ದತ್ತಾಂಶ ಇಡುವ ಡೇಟಾಬೇಸಿಗೆ (ಮುಂದೆ ಚಿಕ್ಕದಾಗಿ ಮೊಂಗೋ), ಸಾಗಿಸಲು ತೀರ್ಮಾನಿಸಿತು. ಒಂದು ವಸ್ತುವಿಗೆ ಒಂದು ಡಾಕ್ಯುಮೆಂಟ್, ಅದರೊಳಗೇ ಗುಣ, ಚಿತ್ರ, ಎರಡು ಭಾಷೆಯ ವಿವರಣೆ. ಡಾಕ್ಯುಮೆಂಟಿನ ಗರಿಷ್ಠ ಗಾತ್ರ 16 ಎಂಬಿ. ಚಿತ್ರಗಳ ವಿಳಾಸ ಮಾತ್ರ ಇಟ್ಟರೆ ಒಂದು ಸೀರೆಯ ಡಾಕ್ಯುಮೆಂಟ್ ಕೆಲವು ಕೆಬಿ ದಾಟುವುದಿಲ್ಲ. ಗ್ರಾಹಕರ ಖರೀದಿ ಬುಟ್ಟಿ, ಲಾಗಿನ್ ಸೆಷನ್ ಮತ್ತು ಪುಟಗಳ ಕ್ಯಾಶ್‌ಗೆ (ಬೇಗ ತೋರಿಸಲು ಇಟ್ಟುಕೊಳ್ಳುವ ತಾತ್ಕಾಲಿಕ ಪ್ರತಿಗೆ) ಮೆಮೊರಿಯಲ್ಲಿ ದತ್ತಾಂಶ ಇಡುವ ರೆಡಿಸ್ ಬಂತು. ಹುಡುಕಾಟದ ಪುಟಗಳು ಅಂದಿನಿಂದಲೇ ಚುರುಕಾದವು. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಎಡವಟ್ಟಾದದ್ದು, ಸರಕಿನ ಡಾಕ್ಯುಮೆಂಟಿನೊಳಗೆ ಬೆಲೆ, ತೆರಿಗೆ ದರ ಮತ್ತು ಸ್ಟಾಕನ್ನೂ ಸೇರಿಸಿಬಿಟ್ಟದ್ದರಿಂದ. ಪಟ್ಟಿಯ ಪುಟದಲ್ಲಿ ‘2,000ದಿಂದ 5,000 ರೂಪಾಯಿ ಒಳಗೆ, ಸ್ಟಾಕ್ ಇರುವವು ಮಾತ್ರ’ ಎಂದು ತೋರಿಸಬೇಕಲ್ಲ, ಅದಕ್ಕೆ ಅವು ಅಲ್ಲಿರಲಿ ಎಂದರು. ಪೋಸ್ಟ್‌ಗ್ರೆಸ್‌ನ ಸ್ಟಾಕ್ ಟೇಬಲನ್ನೂ ಹಾಗೇ ಉಳಿಸಿಕೊಂಡರು, ಲೆಕ್ಕಪತ್ರದ ವರದಿಗಳು ಅದನ್ನು ಓದುತ್ತಿದ್ದವು.

ಮಾರಾಟವಾದದ್ದು ಎರಡು ಸಲ

ಕೈಮಗ್ಗದ ಸೀರೆಗೆ ಸ್ಟಾಕ್ ಎಂದರೆ ಸಾಮಾನ್ಯವಾಗಿ 1. ಅದೇ ಬಣ್ಣ ಅದೇ ದಡಿಯ ಇನ್ನೊಂದು ಸೀರೆ ಮಗ್ಗದಿಂದ ಇಳಿಯಲು ದಿನಗಳು ಬೇಕು. ದೀಪಾವಳಿಗೆ ಮುಂಚಿನ ವಾರ, ದಾಳಿಂಬೆ ಕೆಂಪಿನ ಗೋಮಿ ದಡಿಯ ಒಂದು ಸೀರೆ ಇಬ್ಬರಿಗೆ ಮಾರಾಟವಾಯಿತು. ಲಾಗ್ ತೆರೆದು ನೋಡಿದರೆ ಕತೆ ಸ್ಪಷ್ಟ. 10:42:05ಕ್ಕೆ ಮೊದಲ ಗ್ರಾಹಕರ ವಿನಂತಿ ಮೊಂಗೋದಿಂದ ಸ್ಟಾಕ್ ಓದಿತು: 1. 10:42:06ಕ್ಕೆ ಎರಡನೆಯವರದ್ದೂ ಓದಿತು: ಆಗಲೂ 1. ಮೊದಲನೆಯದು 0 ಎಂದು ಬರೆಯಿತು. ಎರಡನೆಯದೂ 0 ಎಂದೇ ಬರೆಯಿತು. ಪೋಸ್ಟ್‌ಗ್ರೆಸ್‌ನಲ್ಲಿ ಎರಡು ಆರ್ಡರ್ ಕೂತವು. ಮೊಂಗೋದಲ್ಲಿ ಲೆಕ್ಕ 0, ನೋಡಲು ಎಲ್ಲ ನೆಟ್ಟಗೆ.

ಇಲ್ಲಿ ಮೊಂಗೋವನ್ನು ದೂರುವಂತಿಲ್ಲ. ಒಂದು ಡಾಕ್ಯುಮೆಂಟಿನ ಮೇಲಿನ ಒಂದು ಅಪ್‌ಡೇಟ್ ಅಲ್ಲಿ ಅವಿಭಾಜ್ಯ, ನಡುವೆ ಇನ್ನೊಂದು ವಿನಂತಿ ನುಗ್ಗಲಾಗದು; ‘ಸ್ಟಾಕ್ 1 ಅಥವಾ ಹೆಚ್ಚು ಇದ್ದರೆ ಮಾತ್ರ ಒಂದು ಕಳೆ’ ಎಂಬ ಷರತ್ತನ್ನು ಅದೇ ಆಜ್ಞೆಯೊಳಗೆ ಕೊಡಬಹುದಿತ್ತು. ಕೋಡ್ ಮೊದಲು ಓದಿ, ಆಮೇಲೆ ಬರೆದದ್ದೇ ತಪ್ಪು. ತಂಡ ಅದನ್ನು ಅಂದೇ ತಿದ್ದಿತು. ಒಂದೇ ಸೀರೆ ಇಬ್ಬರಿಗೆ ಹೋಗುವುದು ನಿಂತಂತೆ ಕಂಡಿತು. ಆದರೆ ಅದರ ಬದಲಿಗೆ ಇನ್ನೊಂದು ಶುರುವಾಯಿತು: ಬೀರುವಿನಲ್ಲಿ ಕಣ್ಣೆದುರೇ ಇರುವ ಸೀರೆ ಸೈಟಿನಲ್ಲಿ ‘ಮಾರಾಟವಾಗಿದೆ’ ಎಂದು ಕಾಣುತ್ತಿತ್ತು.

ಆರ್ಡರ್ ಕೋಡ್ ಮೊದಲು ಮೊಂಗೋದಲ್ಲಿ ಒಂದು ಕಳೆಯುತ್ತಿತ್ತು, ನಂತರ ಪೋಸ್ಟ್‌ಗ್ರೆಸ್‌ನಲ್ಲಿ ಆರ್ಡರ್ ಬರೆಯುತ್ತಿತ್ತು. ನಡುವೆ ಹೊಸ ಆವೃತ್ತಿ ಏರಿಸಲೆಂದು ಸರ್ವರ್ ಪ್ರಕ್ರಿಯೆಯನ್ನು ನಿಲ್ಲಿಸಿದರೆ, ಅಥವಾ ಪೋಸ್ಟ್‌ಗ್ರೆಸ್ ಸಂಪರ್ಕಗಳು ಮುಗಿದುಹೋಗಿದ್ದರೆ, ಸ್ಟಾಕ್ ಕಳೆದಿರುತ್ತದೆ, ಆರ್ಡರ್ ಇರುವುದಿಲ್ಲ. ಕ್ರಮವನ್ನು ತಿರುಗಿಸಿ ಮೊದಲು ಆರ್ಡರ್ ಬರೆದರೆ ಆರ್ಡರ್ ಇರುತ್ತದೆ, ಸ್ಟಾಕ್ ಕಳೆದಿರುವುದಿಲ್ಲ. ಯಾವ ಕ್ರಮದಲ್ಲೂ ನಡುವಿನ ಬಿರುಕು ಮುಚ್ಚುವುದಿಲ್ಲ. ಮೊಂಗೋಡಿಬಿ 4.0ರಿಂದ, ಅಂದರೆ 2018ರಿಂದ, ರೆಪ್ಲಿಕಾ ಸೆಟ್‌ನಲ್ಲಿ (ಒಂದೇ ದತ್ತಾಂಶದ ಪ್ರತಿಗಳಿರುವ ಸರ್ವರ್‌ಗಳ ಗುಂಪಿನಲ್ಲಿ) ಹಲವು ಡಾಕ್ಯುಮೆಂಟ್‌ಗಳ ಟ್ರಾನ್ಸಾಕ್ಷನ್, ಅಂದರೆ ಎಲ್ಲ ಬದಲಾವಣೆಯೂ ಆಗುವ ಅಥವಾ ಒಂದೂ ಆಗದ ಏರ್ಪಾಡು, ಉಂಟು. ಆದರೆ ಅದು ಮೊಂಗೋದ ಒಳಗೆ ಮಾತ್ರ. ಪೋಸ್ಟ್‌ಗ್ರೆಸ್‌ನ ಟ್ರಾನ್ಸಾಕ್ಷನ್‌ಗೂ ಅದಕ್ಕೂ ಗಂಟು ಹಾಕಿ ಒಟ್ಟಿಗೇ ಕಮಿಟ್ ಮಾಡುವ (ಖಾಯಂ ಆಗಿ ದಾಖಲಿಸುವ) ದಾರಿ ಇಲ್ಲ.

ತಂಡದ ಮೊದಲ ಮದ್ದು ‘ಆರ್ಡರ್ ಸೋತರೆ ಸ್ಟಾಕಿಗೆ ಒಂದು ವಾಪಸ್ ಕೂಡಿಸು’ ಎಂಬ ಕೋಡ್. ಪ್ರಕ್ರಿಯೆಯೇ ಸತ್ತರೆ ಕೂಡಿಸುವವರು ಯಾರೂ ಇರುವುದಿಲ್ಲ, ಇದು ಒಂದು ತೊಂದರೆ. ಅದಕ್ಕಿಂತ ಕೆಟ್ಟದ್ದು ಟೈಮ್‌ಔಟ್. ಪೋಸ್ಟ್‌ಗ್ರೆಸ್ ಆರ್ಡರನ್ನು ಕಮಿಟ್ ಮಾಡಿರುತ್ತದೆ, ‘ಆಯಿತು’ ಎಂಬ ಉತ್ತರ ಮಾತ್ರ ನೆಟ್‌ವರ್ಕ್‌ನಲ್ಲಿ ಕಳೆದುಹೋಗಿರುತ್ತದೆ. ಅಪ್ಲಿಕೇಶನ್ ‘ಸೋತಿತು’ ಎಂದುಕೊಂಡು ಸ್ಟಾಕಿಗೆ ಒಂದು ಕೂಡಿಸುತ್ತದೆ. ಮಾರಿದ ಸೀರೆ ಮತ್ತೆ ಅಂಗಡಿಗೆ ಬರುತ್ತದೆ, ಮತ್ತೆ ಮಾರಾಟವಾಗುತ್ತದೆ. ಹಬ್ಬದ ದಟ್ಟಣೆಯಲ್ಲಿ ಇದು ನಿಜಕ್ಕೂ ನಡೆಯಿತು.

ಎರಡನೆಯ ಮದ್ದು, ರಾತ್ರಿ 2 ಗಂಟೆಗೆ ಎರಡೂ ಕಡೆಯ ಸ್ಟಾಕ್ ಮತ್ತು ಬೆಲೆ ತಾಳೆ ನೋಡುವ ಸ್ಕ್ರಿಪ್ಟ್. ಮೊದಲ ದಿನವೇ ಅದು ಉದ್ದನೆಯ ವ್ಯತ್ಯಾಸಪಟ್ಟಿ ಕೊಟ್ಟಿತು. ಅದರಲ್ಲಿ ಅರ್ಧ ಸುಳ್ಳು ವ್ಯತ್ಯಾಸ: ಮೊಂಗೋದಲ್ಲಿ ಬೆಲೆಯನ್ನು ಡಬಲ್ ಎಂಬ ತೇಲುಬಿಂದು ಸಂಖ್ಯೆಯಾಗಿ (ದಶಮಾಂಶವನ್ನು ಅಂದಾಜಾಗಿ ಹಿಡಿಯುವ ಬಗೆ) ಇಟ್ಟಿದ್ದರು, ಪೋಸ್ಟ್‌ಗ್ರೆಸ್‌ನಲ್ಲಿ ನ್ಯೂಮರಿಕ್ ಎಂಬ ನಿಖರ ಸಂಖ್ಯೆಯಾಗಿ. ರಿಯಾಯಿತಿ ಲೆಕ್ಕ ಹಾಕಿದ ಬೆಲೆಗಳು ಪೈಸೆಯ ಚೂರಿನಲ್ಲಿ ಹೊಂದುತ್ತಿರಲಿಲ್ಲ. ಎರಡೂ ಕಡೆ ಪೈಸೆಯ ಲೆಕ್ಕದಲ್ಲಿ ಪೂರ್ಣಾಂಕ ಇಟ್ಟಮೇಲೆ ಆ ಗೊಂದಲ ಹೋಯಿತು. ಮೊಂಗೋದಲ್ಲಿ ಡೆಸಿಮಲ್128 ಎಂಬ ನಿಖರ ಮಾದರಿಯೂ ಇದೆ, ಆದರೆ ಪೂರ್ಣಾಂಕವೇ ಎಲ್ಲ ಭಾಷೆಯ ಕೋಡಿನಲ್ಲೂ ಸುಲಭ. ಉಳಿದ ಅರ್ಧ ಪಟ್ಟಿಯನ್ನು ಲೆಕ್ಕಪತ್ರದವರ ಮೇಜಿಗೆ ಕಳಿಸಿದರು. ಅಲ್ಲಿಂದ ಬಂದ ಮಾತು: ‘ಎರಡರಲ್ಲಿ ಯಾವ ಲೆಕ್ಕ ನಿಜ ಅಂತ ಹೇಳಿ ಸರ್, ನಾನು ಅದನ್ನೇ ಬರ್ಕೋತೀನಿ.’

ಉತ್ತರ ಯಾರ ಬಳಿಯೂ ಇರಲಿಲ್ಲ. ಸ್ಕ್ರಿಪ್ಟಿಗೂ ಗೊತ್ತಿರಲಿಲ್ಲ, ಏಕೆಂದರೆ ಯಾವುದನ್ನು ನಂಬಬೇಕೆಂದು ಅದಕ್ಕೆ ಯಾರೂ ಹೇಳಿರಲಿಲ್ಲ. ಈ ಪ್ರಕರಣ ತಿರುಗಿದ್ದು ಇಲ್ಲಿ.

ಯಾವ ಸಂಗತಿಗೆ ಯಾರು ಯಜಮಾನ

ಒಂದು ಜಮೀನಿನ ಪಹಣಿಯ ನಕಲು ಹತ್ತು ಮಂದಿಯ ಕೈಯಲ್ಲಿರಬಹುದು. ಖಾತೆ ಬದಲಾವಣೆ ಆಗುವುದು ಕಂದಾಯ ಇಲಾಖೆಯ ಮೂಲ ದಾಖಲೆಯಲ್ಲೇ. ಕೈಯಲ್ಲಿರುವ ನಕಲನ್ನು ಪೆನ್ನಿನಿಂದ ತಿದ್ದಿಕೊಂಡರೆ ಅದಕ್ಕೆ ಬೆಲೆಯಿಲ್ಲ. ತಂಡ ಇದೇ ನಿಯಮವನ್ನು ಡೇಟಾಬೇಸ್‌ಗಳಿಗೆ ಹಾಕಿತು. ಒಂದು ಹಾಳೆಯಲ್ಲಿ ಎಲ್ಲ ಸಂಗತಿಗಳನ್ನು ಬರೆದು ಪ್ರತಿಯೊಂದರ ಮುಂದೆ ಒಂದೇ ಒಂದು ಯಜಮಾನನ ಹೆಸರು. ಸ್ಟಾಕ್, ಬೆಲೆ, ಎಚ್‌ಎಸ್‌ಎನ್ ಕೋಡ್ (ತೆರಿಗೆಗಾಗಿ ಸರಕನ್ನು ವಿಂಗಡಿಸುವ ಸಂಖ್ಯೆ), ತೆರಿಗೆ ದರ, ಆರ್ಡರ್, ಪಾವತಿ ಪೋಸ್ಟ್‌ಗ್ರೆಸ್‌ಗೆ. ವಿವರಣೆ, ಗುಣಗಳು, ಚಿತ್ರಗಳು ಮೊಂಗೋಗೆ. ಬುಟ್ಟಿ ಮತ್ತು ಸೆಷನ್ ರೆಡಿಸ್‌ಗೆ. ಮೊಂಗೋದಲ್ಲಿ ಬೆಲೆ, ಸ್ಟಾಕ್ ಇರಲಿ, ಆದರೆ ಅದು ನಕಲು. ಅದನ್ನು ಬರೆಯುವ ಹಕ್ಕು ಒಂದೇ ಒಂದು ಪ್ರಕ್ರಿಯೆಗೆ. ವೆಬ್ ಅಪ್ಲಿಕೇಶನ್ನಿನ ಮೊಂಗೋ ಬಳಕೆದಾರರ ಖಾತೆಯಿಂದ ಆ ಹಕ್ಕನ್ನು ಕಿತ್ತುಹಾಕಲು, ನಕಲಿನ ಫೀಲ್ಡ್‌ಗಳನ್ನು ಬೇರೆಯೇ ಕಲೆಕ್ಷನ್‌ಗೆ (ಡಾಕ್ಯುಮೆಂಟ್‌ಗಳ ಗುಂಪಿಗೆ) ಸರಿಸಿದರು. ಮೊಂಗೋದಲ್ಲಿ ಬರೆಯುವ ಅನುಮತಿಯನ್ನು ಕಲೆಕ್ಷನ್ ಮಟ್ಟದಲ್ಲಿ ಕೊಡಬಹುದು, ಫೀಲ್ಡ್ ಮಟ್ಟದಲ್ಲಲ್ಲ. ಪಟ್ಟಿಯ ಪುಟಕ್ಕೆ ಬೇಕಾದ ನಾಲ್ಕಾರು ಗುಣಗಳನ್ನೂ ಆ ಕಲೆಕ್ಷನ್‌ನಲ್ಲೇ ಇಟ್ಟದ್ದರಿಂದ ಹುಡುಕಾಟಕ್ಕೆ ಅದೊಂದೇ ಸಾಕಾಯಿತು.

ಕೀಲಿಯ, ಅಂದರೆ ವಸ್ತುವನ್ನು ಗುರುತಿಸುವ ಐಡಿಯ, ಪ್ರಶ್ನೆಯೂ ಇದರೊಡನೆ ಬಗೆಹರಿಯಿತು. ಅದುವರೆಗೆ ಪೋಸ್ಟ್‌ಗ್ರೆಸ್‌ನ ಆರ್ಡರ್ ಸಾಲುಗಳು ಮೊಂಗೋ ಕೊಟ್ಟ 24 ಅಕ್ಷರದ ಆಬ್ಜೆಕ್ಟ್ ಐಡಿಯನ್ನು ಹಿಡಿದುಕೊಂಡಿದ್ದವು. ಒಮ್ಮೆ ಸರಕಿನ ಪಟ್ಟಿಯನ್ನು ಎಕ್ಸೆಲ್‌ನಿಂದ ಮರುತುಂಬಿಸಿದಾಗ ಮೊಂಗೋ ಎಲ್ಲಕ್ಕೂ ಹೊಸ ಐಡಿ ಕೊಟ್ಟಿತು, ನೂರಾರು ಹಳೆಯ ಆರ್ಡರ್‌ಗಳು ತಮ್ಮ ವಸ್ತು ಯಾವುದೆಂದು ಕಾಣದೆ ನಿಂತವು. ಎರಡು ಡೇಟಾಬೇಸ್‌ಗಳ ನಡುವೆ ಫಾರಿನ್ ಕೀ ಎಂಬ ಕಾವಲು (ಇಲ್ಲದ ವಸ್ತುವನ್ನು ಒಂದು ಸಾಲು ಹೆಸರಿಸದಂತೆ ತಡೆಯುವ ನಿಯಮ) ಇಲ್ಲ ಎಂಬುದನ್ನು ಇಂಥ ದಿನವೇ ತಿಳಿಯುವುದು. ಈಗ ಎಸ್‌ಕೆಯು ಸಂಖ್ಯೆಯನ್ನು (ಪ್ರತಿ ಬಗೆಯ ವಸ್ತುವಿನ ಗುರುತು ಸಂಖ್ಯೆಯನ್ನು) ಪೋಸ್ಟ್‌ಗ್ರೆಸ್ ಕೊಡುತ್ತದೆ, ಮೊಂಗೋದಲ್ಲಿ ಅದೇ ಡಾಕ್ಯುಮೆಂಟಿನ ಐಡಿ. ವಸ್ತುವನ್ನು ಅಳಿಸುವ ಬಟನ್ ತೆಗೆದು ‘ಮಾರಾಟಕ್ಕಿಲ್ಲ’ ಎಂಬ ಗುರುತು ಹಾಕುವ ಬಟನ್ ಇಟ್ಟರು.

ಔಟ್‌ಬಾಕ್ಸ್

ಮೂಲದಿಂದ ನಕಲಿಗೆ ಬದಲಾವಣೆ ಸಾಗಿಸಲು ತಂಡ ಬಳಸಿದ್ದು ಔಟ್‌ಬಾಕ್ಸ್ ಟೇಬಲ್, ಅಂದರೆ ಕಳಿಸಬೇಕಾದ ಬದಲಾವಣೆಗಳನ್ನು ಬರೆದಿಡುವ ಟೇಬಲ್. ಗ್ರಾಹಕರು ಪಾವತಿಗೆ ಮುಂದಾದಾಗ ಪೋಸ್ಟ್‌ಗ್ರೆಸ್‌ನ ಒಂದೇ ಟ್ರಾನ್ಸಾಕ್ಷನ್ನಿನಲ್ಲಿ ಮೂರು ಕೆಲಸ ನಡೆಯುತ್ತವೆ. ಮೊದಲನೆಯದು, ಸ್ಟಾಕ್ ಸಾಲಿನಲ್ಲಿ ‘ಎಣಿಕೆ 1 ಅಥವಾ ಹೆಚ್ಚಿದ್ದರೆ ಒಂದು ಕಳೆ, ಆವೃತ್ತಿ ಸಂಖ್ಯೆಗೆ ಒಂದು ಕೂಡಿಸು’ ಎಂಬ ಅಪ್‌ಡೇಟ್. ಬದಲಾದ ಸಾಲು 0 ಎಂದು ಬಂದರೆ ಅಲ್ಲಿಗೇ ನಿಲ್ಲಿಸಿ ಗ್ರಾಹಕರಿಗೆ ತಿಳಿಸುವುದು. ಎರಡನೆಯದು, 15 ನಿಮಿಷದ ಅವಧಿಯ ಕಾಯ್ದಿರಿಸುವಿಕೆ ಮತ್ತು ಆರ್ಡರ್ ಸಾಲುಗಳು. ಮೂರನೆಯದು, ಔಟ್‌ಬಾಕ್ಸ್‌ನಲ್ಲಿ ಒಂದು ಸಾಲು: ಎಸ್‌ಕೆಯು, ಈಗಿನ ಸ್ಟಾಕ್, ಈಗಿನ ಬೆಲೆ, ಆವೃತ್ತಿ. ಕಮಿಟ್ ಆದರೆ ಮೂರೂ ಆಗುತ್ತವೆ, ಇಲ್ಲವಾದರೆ ಒಂದೂ ಇಲ್ಲ. ಮೊಂಗೋದ ಮಾತೇ ಇಲ್ಲಿ ಬರುವುದಿಲ್ಲ. ಅದು ಬಿದ್ದಿದ್ದರೂ ಆರ್ಡರ್ ನಿಲ್ಲುವುದಿಲ್ಲ.

ಹಿನ್ನೆಲೆಯಲ್ಲಿ ಓಡುವ ವರ್ಕರ್ ಎಂಬ ಪ್ರಕ್ರಿಯೆ ಕಳಿಸದ ಸಾಲುಗಳನ್ನು 100ರಂತೆ ಎತ್ತಿಕೊಳ್ಳುತ್ತದೆ. ‘ಫಾರ್ ಅಪ್‌ಡೇಟ್ ಸ್ಕಿಪ್ ಲಾಕ್ಡ್’ ಎಂದು ಕೇಳಿದರೆ ಒಂದು ವರ್ಕರ್ ಹಿಡಿದ ಸಾಲನ್ನು ಇನ್ನೊಂದು ಮುಟ್ಟದೆ ಮುಂದಕ್ಕೆ ಹೋಗುತ್ತದೆ. ಈ ಸೌಲಭ್ಯ ಪೋಸ್ಟ್‌ಗ್ರೆಸ್ 9.5ರಿಂದ ಇದೆ. ಮೊಂಗೋಗೆ ಬರೆದು, ಅದು ಒಪ್ಪಿದ ಮೇಲೆ ಸಾಲಿಗೆ ಕಳಿಸಿದ ಸಮಯ ಹಾಕುತ್ತದೆ. ಕೇಳಲು ಸರಳ. ಆದರೆ ಮೂರು ಕಡೆ ಮುಗ್ಗರಿಸಿದರು, ಮೂರನ್ನೂ ಬಿಡಿಸಿ ಹೇಳುವುದು ಒಳ್ಳೆಯದು.

ಮೊದಲ ಆವೃತ್ತಿಯಲ್ಲಿ ವರ್ಕರ್ ‘ಕೊನೆಗೆ ಕಳಿಸಿದ ಸಾಲಿನ ಸಂಖ್ಯೆ’ಯನ್ನು ನೆನಪಿಟ್ಟು ಅದಕ್ಕಿಂತ ದೊಡ್ಡ ಸಂಖ್ಯೆಗಳನ್ನು ಮಾತ್ರ ಕೇಳುತ್ತಿತ್ತು. ಸೀಕ್ವೆನ್ಸ್ ಸಂಖ್ಯೆ (ಸಾಲಿಗೆ ಡೇಟಾಬೇಸ್ ಕೊಡುವ ಕ್ರಮಸಂಖ್ಯೆ) ಸಿಗುವುದು ಸಾಲು ಬರೆಯುವಾಗ, ಬೇರೆಯವರಿಗೆ ಕಾಣುವುದು ಕಮಿಟ್ ಆದಾಗ. 501 ಪಡೆದ ಟ್ರಾನ್ಸಾಕ್ಷನ್ ನಿಧಾನವಾಗಿ, 502 ಪಡೆದದ್ದು ಬೇಗ ಮುಗಿದರೆ ವರ್ಕರ್ 502 ನೋಡಿ ಮುಂದೆ ಹೋಗುತ್ತದೆ, 501 ಶಾಶ್ವತವಾಗಿ ಹಿಂದೆ ಉಳಿಯುತ್ತದೆ. ಲೋಡ್ ಕಡಿಮೆ ಇರುವ ಪರೀಕ್ಷೆಯಲ್ಲಿ ಇದು ಎಂದೂ ಕಾಣುವುದಿಲ್ಲ. ಪ್ರತಿ ಸಾಲಿಗೂ ಕಳಿಸಿದ ಗುರುತು ಇಟ್ಟು, ಗುರುತಿಲ್ಲದವಕ್ಕೆ ಮಾತ್ರ ಭಾಗಶಃ ಇಂಡೆಕ್ಸ್ (ಬೇಗ ಹುಡುಕಲು ನೆರವಾಗುವ ಸೂಚಿ) ಹಾಕಿದ ಮೇಲೆ ಸರಿಹೋಯಿತು.

ಎರಡನೆಯದು, ಸಂದೇಶದಲ್ಲಿ ‘ಒಂದು ಕಳೆ’ ಎಂದು ಬರೆದದ್ದು. ವರ್ಕರ್ ಮೊಂಗೋಗೆ ಬರೆದು, ಗುರುತು ಹಾಕುವ ಮುನ್ನ ಸತ್ತರೆ ಅದೇ ಸಾಲು ಮತ್ತೆ ಹೋಗುತ್ತದೆ. ಎರಡು ಸಲ ಕಳೆದರೆ ನಕಲು ಕೆಡುತ್ತದೆ. ಆದ್ದರಿಂದ ಸಂದೇಶ ಯಾವಾಗಲೂ ‘ಸ್ಟಾಕ್ ಈಗ 3’ ಎಂಬ ಪೂರ್ತಿ ಸ್ಥಿತಿ ಹೇಳಬೇಕು. ಹತ್ತು ಸಲ ಹೋದರೂ 3 ಮೂರೇ.

ಮೂರನೆಯದು ಸೂಕ್ಷ್ಮ. ಹಲವು ವರ್ಕರ್‌ಗಳಿದ್ದರೆ ಹೊಸ ಸಂದೇಶ ಹಳೆಯದಕ್ಕಿಂತ ಮೊದಲು ತಲುಪಬಹುದು. ಅದಕ್ಕಾಗಿ, ಬಂದ ಸಂದೇಶ ಆವೃತ್ತಿ 41ರದ್ದಾದರೆ, ಮೊಂಗೋದಲ್ಲಿ ‘ಐಡಿ ಇದು, ಆವೃತ್ತಿ 41ಕ್ಕಿಂತ ಕಡಿಮೆ’ ಎಂದು ಹುಡುಕಿ, ಸಿಕ್ಕರೆ ತಿದ್ದಿ, ಸಿಗದಿದ್ದರೆ ಹೊಸದಾಗಿ ಸೇರಿಸು ಎಂದು ಅಪ್‌ಸರ್ಟ್ ಕೊಟ್ಟರು. ಡಾಕ್ಯುಮೆಂಟ್ ಆಗಲೇ ಆವೃತ್ತಿ 42ರಲ್ಲಿದ್ದರೆ ಹುಡುಕಾಟಕ್ಕೆ ಸಿಗುವುದಿಲ್ಲ. ಮೊಂಗೋ ಹೊಸದು ಸೇರಿಸಲು ಹೋಗಿ 11000 ಸಂಖ್ಯೆಯ ಡೂಪ್ಲಿಕೇಟ್ ಕೀ ದೋಷ ಕೊಡುತ್ತದೆ. ‘ಓ, ಹಳೆಯ ಸಂದೇಶ, ಬಿಟ್ಟುಬಿಡು’ ಎಂದು ದೋಷವನ್ನು ನುಂಗಿದರು. ಆದರೆ ಇನ್ನೂ ಡಾಕ್ಯುಮೆಂಟ್ ಇಲ್ಲದ ಹೊಸ ಎಸ್‌ಕೆಯುಗೆ ಆವೃತ್ತಿ 3 ಮತ್ತು 4 ಒಟ್ಟಿಗೇ ಬಂದರೆ? 3 ಮೊದಲು ಸೇರುತ್ತದೆ, 4ಕ್ಕೆ ಅದೇ 11000 ಬರುತ್ತದೆ, ಹೊಸ ಸಂದೇಶವೇ ಕಸದ ಬುಟ್ಟಿಗೆ. ಮದ್ದು ಚಿಕ್ಕದು: 11000 ಬಂದರೆ ಅದೇ ಆಜ್ಞೆಯನ್ನು ಇನ್ನೊಮ್ಮೆ ಓಡಿಸುವುದು. ಈ ಸಲ 4ಕ್ಕೆ ಆವೃತ್ತಿ 3ರ ಡಾಕ್ಯುಮೆಂಟ್ ಸಿಕ್ಕು ತಿದ್ದುಪಡಿ ಆಗುತ್ತದೆ. ಎರಡನೆಯ ಸಲವೂ 11000 ಬಂದರೆ ಅಲ್ಲಿರುವುದು ಅಷ್ಟೇ ಹೊಸದು ಅಥವಾ ಇನ್ನೂ ಹೊಸದು, ಆಗ ಬಿಡಬಹುದು.

ಮೊಂಗೋಗೆ ಬರೆದ ಮೇಲೆ ಅದೇ ವರ್ಕರ್ ರೆಡಿಸ್‌ನಲ್ಲಿರುವ ಆ ಪುಟದ ಕ್ಯಾಶನ್ನು ಅಳಿಸುತ್ತದೆ. ಅಳಿಸಿದ ಮರುಕ್ಷಣ ಯಾರೋ ಹಳೆಯ ಓದನ್ನು ಮತ್ತೆ ಕ್ಯಾಶ್‌ಗೆ ತುಂಬುವ ಸಾಧ್ಯತೆ ಇದ್ದೇ ಇರುತ್ತದೆ, ಹಾಗಾಗಿ ಕ್ಯಾಶ್‌ಗೆ 60 ಸೆಕೆಂಡಿನ ಆಯಸ್ಸು. ಪುಟದಲ್ಲಿ ಕಾಣುವ ಸ್ಟಾಕ್ ಒಂದು ನಿಮಿಷ ಹಳೆಯದಾದರೂ ಅನಾಹುತವಿಲ್ಲ, ಪಾವತಿಯ ಮುನ್ನ ಕೇಳುವುದು ಪೋಸ್ಟ್‌ಗ್ರೆಸ್‌ನನ್ನೇ. ರೆಡಿಸ್‌ನಲ್ಲಿ ಇನ್ನೊಂದು ತಪ್ಪೂ ಸಿಕ್ಕಿತು: ಬುಟ್ಟಿ ಮತ್ತು ಪುಟದ ಕ್ಯಾಶ್ ಒಂದೇ ರೆಡಿಸ್‌ನಲ್ಲಿದ್ದವು, ಮೆಮೊರಿ ತುಂಬಿದಾಗ ಬಹಳ ಹೊತ್ತಿನಿಂದ ಬಳಸದ ಕೀಲಿಗಳನ್ನು ಹೊರಹಾಕುವ ‘ಆಲ್‌ಕೀಸ್ ಎಲ್‌ಆರ್‌ಯು’ ನೀತಿ ಬುಟ್ಟಿಗಳನ್ನೂ ಹೊರಹಾಕುತ್ತಿತ್ತು. ಎರಡು ರೆಡಿಸ್ ಮಾಡಿದರು. ಬುಟ್ಟಿಯದಕ್ಕೆ ಹೊರಹಾಕುವಿಕೆ ಬಂದ್, ಪ್ರತಿ ಸೆಕೆಂಡಿಗೆ ಡಿಸ್ಕಿಗೆ ಬರೆಯುವ ಎಒಎಫ್ ಚಾಲೂ.

ಪಾವತಿಯ ಕಡೆ ಒಂದೇ ಮಾತು. ಪಾವತಿ ಗೇಟ್‌ವೇ ಕಳಿಸುವ ‘ಹಣ ಬಂತು’ ಸಂದೇಶ ಒಂದಕ್ಕಿಂತ ಹೆಚ್ಚು ಸಲ ಬರಬಹುದು, ಯುಪಿಐನಲ್ಲಿ 15 ನಿಮಿಷ ಕಳೆದ ಮೇಲೂ ಬರಬಹುದು. ಪಾವತಿ ಸಂಖ್ಯೆಯ ಮೇಲೆ ಯೂನೀಕ್ ಷರತ್ತು (ಒಂದೇ ಮೌಲ್ಯ ಎರಡು ಸಲ ಬರದಂತೆ ತಡೆ) ಹಾಕಿದರೆ ಮೊದಲನೆಯ ತೊಂದರೆ ತೀರಿತು. ತಡವಾಗಿ ಬಂದ ಹಣಕ್ಕೆ ಸ್ಟಾಕ್ ಮತ್ತೆ ಕಳೆಯಲು ನೋಡುವುದು, ಇಲ್ಲದಿದ್ದರೆ ತಕ್ಷಣ ಮರುಪಾವತಿ ಆರಂಭಿಸುವುದು.

2025ರ ಸೆಪ್ಟೆಂಬರ್ 22

ಸ್ಟಾಕಿನ ಗಲಾಟೆ ತಣ್ಣಗಾದ ಮೇಲೆ ಬಂದದ್ದು ಬಿಲ್ಲಿನ ಸಮಸ್ಯೆ, ಮತ್ತು ನಮ್ಮ ಎಣಿಕೆಯಲ್ಲಿ ಇದೇ ಹೆಚ್ಚು ಗಂಭೀರ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾದವು. ಶೇ 12ರ ಸ್ಲ್ಯಾಬಿನಲ್ಲಿದ್ದ ಮರದ ಆಟಿಕೆ ಶೇ 5ಕ್ಕೆ ಇಳಿಯಿತು. ದರವನ್ನು ಹಿಂದಿನ ರಾತ್ರಿಯೇ ತಿದ್ದಿಟ್ಟು ತಂಡ ನಿರಾಳವಾಗಿತ್ತು. ಕೆಲವು ವಾರಗಳ ಬಳಿಕ ಒಂದು ಶಾಲೆಯವರು ಆಗಸ್ಟ್‌ನಲ್ಲಿ ಕೊಂಡ ಆಟಿಕೆಗಳ ಬಿಲ್ಲಿನ ಪ್ರತಿ ಕೇಳಿದರು. ಅವರು ಕೊಟ್ಟದ್ದು 1,680 ರೂಪಾಯಿ: ಸರಕಿನ ಬೆಲೆ 1,500, ಶೇ 12ರಂತೆ ತೆರಿಗೆ 180. ಈಗ ಮುದ್ರಣವಾದ ಬಿಲ್ಲಿನಲ್ಲಿ ತೆರಿಗೆ 75, ಒಟ್ಟು 1,575. ದಿನಾಂಕ ಆಗಸ್ಟ್‌ನದ್ದೇ, ಬಿಲ್ ಸಂಖ್ಯೆ ಅದೇ.

ಕಾರಣ, ಆರ್ಡರ್ ಸಾಲಿನಲ್ಲಿ ಎಸ್‌ಕೆಯು, ಎಣಿಕೆ ಮತ್ತು ಬಿಡಿ ಬೆಲೆ ಮಾತ್ರ ಇದ್ದವು. ವಸ್ತುವಿನ ಹೆಸರು, ಎಚ್‌ಎಸ್‌ಎನ್, ದರ ಇವನ್ನು ಬಿಲ್ ಮುದ್ರಿಸುವಾಗ ಇಂದಿನ ದಾಖಲೆಯಿಂದ ಎತ್ತಿಕೊಳ್ಳುತ್ತಿದ್ದರು. ಯಜಮಾನ ಯಾರೆಂದು ತೀರ್ಮಾನಿಸಿದ್ದರು, ಆದರೆ ‘ಇಂದಿನ ದರ’ ಮತ್ತು ‘ಆ ದಿನ ವಿಧಿಸಿದ ದರ’ ಎರಡು ಬೇರೆ ಸಂಗತಿಗಳು ಎಂಬುದನ್ನು ಹಾಳೆಯಲ್ಲಿ ಬರೆದಿರಲಿಲ್ಲ. ಮೊದಲನೆಯದು ಸರಕಿನ ಗುಣ, ಎರಡನೆಯದು ನಡೆದುಹೋದ ವ್ಯವಹಾರದ ಭಾಗ. ಜಿಎಸ್‌ಟಿ ಕಾನೂನಿನಂತೆ ಲೆಕ್ಕದ ದಾಖಲೆಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ದಿನದಿಂದ 72 ತಿಂಗಳು ಇಡಬೇಕು. ಗ್ರಾಹಕರು ವಸ್ತು ಹಿಂತಿರುಗಿಸಿದರೆ ಕೊಡುವ ಕ್ರೆಡಿಟ್ ನೋಟ್ ಕೂಡ ಮೂಲ ಬಿಲ್ಲಿನ ದರದಲ್ಲೇ ಇರಬೇಕು.

ತಿದ್ದುಪಡಿ ಹೀಗೆ ನಡೆಯಿತು. ಆರ್ಡರ್ ಸಾಲಿಗೆ ವಸ್ತುವಿನ ಹೆಸರು, ಎಚ್‌ಎಸ್‌ಎನ್, ದರ, ತೆರಿಗೆಗೆ ಒಳಪಟ್ಟ ಮೊತ್ತ, ತೆರಿಗೆ ಎಂಬ ಕಾಲಂಗಳು ಬಂದವು. ದಡಿ, ಬಣ್ಣ, ಅಳತೆಯಂಥ ಗುಣಗಳನ್ನು ಆ ಕ್ಷಣದಲ್ಲಿ ಇದ್ದಂತೆಯೇ ಒಂದು ಜೆಸನ್‌ಬಿ ಕಾಲಂನಲ್ಲಿ (ಬೇರೆ ಬೇರೆ ಗುಣಗಳನ್ನು ಒಟ್ಟಿಗೆ ಇಡಬಲ್ಲ ಪೋಸ್ಟ್‌ಗ್ರೆಸ್‌ನ ಕಾಲಂ ಬಗೆ) ಹಿಡಿದಿಟ್ಟರು. ಹಳೆಯ ಆರ್ಡರ್‌ಗಳನ್ನು ತುಂಬಲು ಸೆಪ್ಟೆಂಬರ್ 21ರ ಬ್ಯಾಕಪ್ಪನ್ನು ಬೇರೊಂದು ಸರ್ವರಿನಲ್ಲಿ ತೆರೆದು ಅಲ್ಲಿನ ದರಗಳನ್ನು ತಂದರು. ಪ್ರತಿ ಆರ್ಡರಿಗೂ ಮೊತ್ತ ಮತ್ತು ತೆರಿಗೆ ಕೂಡಿದರೆ ಗ್ರಾಹಕರು ನಿಜವಾಗಿ ಕೊಟ್ಟ ಹಣಕ್ಕೆ ಸಮವೇ ಎಂದು ತಾಳೆ ನೋಡಿದರು. ಹೊಂದದ ಕೆಲವನ್ನು ಲೆಕ್ಕಪತ್ರದವರು ಒಂದೊಂದಾಗಿ ಕೈಯಿಂದಲೇ ನೋಡಿದರು, ಅವು ಹೆಚ್ಚಾಗಿ ರಿಯಾಯಿತಿ ಕೂಪನ್ ಬಳಸಿದವು. ಬಿಲ್ಲಿನ ಪಿಡಿಎಫ್ ಈಗ ಒಂದೇ ಸಲ, ಪಾವತಿಯಾದ ಕೂಡಲೇ ತಯಾರಾಗುತ್ತದೆ. ಪ್ರತಿ ಕೇಳಿದರೆ ಅದೇ ಕಡತ ಹೋಗುತ್ತದೆ.

ಕನ್ನಡದ ಅಕ್ಷರ

ಎರಡು ಡೇಟಾಬೇಸ್‌ಗಳ ನಡುವೆ ಕನ್ನಡ ಪಠ್ಯ ಓಡಾಡುವಾಗ ಬರುವ ಒಂದು ತೊಂದರೆಯನ್ನು ಇಂಗ್ಲಿಷ್ ಕೈಪಿಡಿಗಳು ಸಾಮಾನ್ಯವಾಗಿ ಹೇಳುವುದಿಲ್ಲ, ಹಾಗಾಗಿ ಇಲ್ಲಿ ದಾಖಲಿಸುತ್ತಿದ್ದೇವೆ. ‘ಕೋಲಾಟದ ಕೋಲು’ ಎಂಬ ವಸ್ತು ಪಟ್ಟಿಯಲ್ಲಿ ಎರಡು ಸಲ ಸೇರಿತ್ತು, ಹುಡುಕಿದರೆ ಒಂದೇ ಸಿಗುತ್ತಿತ್ತು. ಕಣ್ಣಿಗೆ ಎರಡೂ ಹೆಸರು ಒಂದೇ. ಯೂನಿಕೋಡ್‌ನಲ್ಲಿ ‘ಕೋ’ ಅಕ್ಷರದ ಓಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಒಕಾರದ ಚಿಹ್ನೆಗೆ ದೀರ್ಘದ ಚಿಹ್ನೆ ಸೇರಿಸಿ ಎರಡು ಸಂಕೇತವಾಗಿಯೂ ಬರೆಯಬಹುದು. ಈಕಾರ, ಏಕಾರಕ್ಕೂ ಹೀಗೇ. ಒಂದು ವಿವರ ಫೋನಿನ ಕೀಬೋರ್ಡಿನಿಂದ ಬಂದಿತ್ತು, ಇನ್ನೊಂದು ಹಳೆಯ ಫಾಂಟಿನಿಂದ ಪರಿವರ್ತಿಸಿದ ಕಡತದಿಂದ. ಯೂನೀಕ್ ಷರತ್ತಿಗೆ ಅವೆರಡೂ ಬೇರೆ ಬೇರೆ ಹೆಸರುಗಳು.

ಒಳಬರುವ ಎಲ್ಲ ಪಠ್ಯವನ್ನೂ ಎನ್‌ಎಫ್‌ಸಿ ರೂಪಕ್ಕೆ (ಇಂಥ ಎರಡು ಬಗೆಯ ಬರಹವನ್ನು ಒಂದೇ ಮಾಡುವ ಯೂನಿಕೋಡ್ ರೂಪಕ್ಕೆ) ತರುವ ಒಂದೇ ಒಂದು ಫಂಕ್ಷನ್ ಬರೆದು, ಎರಡೂ ಡೇಟಾಬೇಸಿಗೆ ಹೋಗುವ ದಾರಿಯಲ್ಲಿ ಅದನ್ನು ಕೂರಿಸಿದರು. ಹಳೆಯ ಸಾಲುಗಳಿಗೆ ಪೋಸ್ಟ್‌ಗ್ರೆಸ್ 13ರಿಂದ ಇರುವ ನಾರ್ಮಲೈಸ್ ಫಂಕ್ಷನ್ ಸಾಕಾಯಿತು. ಕಣ್ಣಿಗೆ ಕಾಣದ ಜೋಡಕ ಚಿಹ್ನೆಗಳನ್ನು, ಅಂದರೆ ಝಡ್‌ಡಬ್ಲ್ಯುಜೆ ಮತ್ತು ಝಡ್‌ಡಬ್ಲ್ಯುಎನ್‌ಜೆಗಳನ್ನು, ಹುಡುಕಾಟದ ಕೀಲಿಯಿಂದ ಮಾತ್ರ ತೆಗೆಯಬೇಕು. ತೋರಿಸುವ ಹೆಸರಿನಿಂದ ತೆಗೆದರೆ ಪೂರ್ಣ ರೂಪದ ರಕಾರ ಅರ್ಕಾವತ್ತಾಗಿ, ‘ಡೌನ್‌ಲೋಡ್’ನಂಥ ಪದದಲ್ಲಿ ಒತ್ತಕ್ಷರ ಕೆಳಗಿಳಿದು, ಓದಲು ಕಷ್ಟವಾಗುತ್ತದೆ.

ಏನಾಯಿತು, ಏನು ಉಳಿಯಿತು

ಮುಂದಿನ ಹಬ್ಬದ ಹಂಗಾಮಿನಲ್ಲಿ ಒಂದೇ ಸೀರೆ ಇಬ್ಬರಿಗೆ ಮಾರಾಟವಾದ ಪ್ರಸಂಗ ಬರಲಿಲ್ಲ. ರಾತ್ರಿಯ ತಾಳೆಯ ಸ್ಕ್ರಿಪ್ಟ್ ಇನ್ನೂ ಓಡುತ್ತದೆ, ಆದರೆ ಈಗ ಅದಕ್ಕೆ ಉತ್ತರ ಗೊತ್ತು: ವ್ಯತ್ಯಾಸ ಕಂಡರೆ ಪೋಸ್ಟ್‌ಗ್ರೆಸ್‌ನದ್ದೇ ನಿಜ, ಆ ಎಸ್‌ಕೆಯುವಿನ ಆವೃತ್ತಿಯನ್ನು ಒಂದು ಏರಿಸಿ ಔಟ್‌ಬಾಕ್ಸ್‌ಗೆ ಒಂದು ಸಾಲು ಹಾಕುತ್ತದೆ. ಬ್ಯಾಕಪ್ಪಿನ ತಲೆನೋವೂ ಇದರಿಂದಲೇ ಇಳಿಯಿತು. ಪೋಸ್ಟ್‌ಗ್ರೆಸ್ಸನ್ನು ಬೆಳಿಗ್ಗೆ 11:20ರ ಸ್ಥಿತಿಗೂ ಮೊಂಗೋವನ್ನು ರಾತ್ರಿ 2ರ ಸ್ಥಿತಿಗೂ ಮರಳಿಸಬೇಕಾಗಿ ಬಂದರೆ ಎರಡೂ ಒಂದೇ ಕ್ಷಣದ್ದಾಗಿರುವುದಿಲ್ಲ. ನಕಲಿನ ಕಲೆಕ್ಷನ್ನನ್ನು ಪೂರ್ತಿ ಅಳಿಸಿ ಮೂಲದಿಂದ ಮತ್ತೆ ಕಟ್ಟುವ ಆಜ್ಞೆ ಇದೆ, 4,000 ವಸ್ತುಗಳಿಗೆ ಕೆಲವೇ ನಿಮಿಷದ ಕೆಲಸ. ಮೂರು ತಿಂಗಳಿಗೊಮ್ಮೆ ಅದನ್ನು ನಿಜವಾಗಿ ಓಡಿಸಿ ನೋಡುತ್ತಾರೆ. ಔಟ್‌ಬಾಕ್ಸ್‌ನಲ್ಲಿ ಕಳಿಸದ ಅತಿ ಹಳೆಯ ಸಾಲಿನ ವಯಸ್ಸು 60 ಸೆಕೆಂಡ್ ದಾಟಿದರೆ ಫೋನಿಗೆ ಎಚ್ಚರಿಕೆ ಬರುತ್ತದೆ, ಕಳಿಸಿದ ಸಾಲುಗಳನ್ನು 7 ದಿನಕ್ಕೆ ಅಳಿಸುತ್ತಾರೆ.

ಮೊಂಗೋ ಬೇಕಿತ್ತೇ ಎಂಬ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದು. 4,000 ವಸ್ತುಗಳ ಗಾತ್ರಕ್ಕೆ ಬೇಕಿರಲಿಲ್ಲ ಎಂಬುದು ನಮ್ಮ ಅಭಿಪ್ರಾಯ. ಪೋಸ್ಟ್‌ಗ್ರೆಸ್ 9.4ರಿಂದ, ಅಂದರೆ 2014ರಿಂದ, ಜೆಸನ್‌ಬಿ ಇದೆ. ಗುಣಗಳೆಲ್ಲ ಒಂದು ಜೆಸನ್‌ಬಿ ಕಾಲಂನಲ್ಲಿದ್ದು ಅದರ ಮೇಲೆ, ಒಳಗಿನ ಗುಣಗಳನ್ನು ಹುಡುಕಲು ನೆರವಾಗುವ ಜಿನ್ ಇಂಡೆಕ್ಸ್ ಹಾಕಿದ್ದರೆ ‘ಗೋಮಿ ದಡಿ, ರೇಷ್ಮೆ ಒಡಲು’ ಎಂಬ ಹುಡುಕಾಟ ಒಂದೇ ಷರತ್ತಿನಲ್ಲಿ ಮುಗಿಯುತ್ತಿತ್ತು, ಎರಡು ಡೇಟಾಬೇಸಿನ ನಡುವಿನ ಬಿರುಕೇ ಇರುತ್ತಿರಲಿಲ್ಲ. ಇಎವಿ ನಿಧಾನ ಎಂಬುದರಿಂದ ತಂಡ ‘ರಿಲೇಷನಲ್ ಡೇಟಾಬೇಸೇ ನಿಧಾನ’ ಎಂಬ ತೀರ್ಮಾನಕ್ಕೆ ಹಾರಿತು. ನೇಕಾರರ ಪಾವತಿಯ ಹೊಸ ಭಾಗವನ್ನು ಕಟ್ಟುವಾಗ ಆ ತಪ್ಪು ಮಾಡಲಿಲ್ಲ. ಮಗ್ಗದ ಬಗೆ, ನೂಲಿನ ಮುಂಗಡದಂಥ ಬದಲಾಗುವ ವಿವರಗಳು ಪೋಸ್ಟ್‌ಗ್ರೆಸ್‌ನ ಜೆಸನ್‌ಬಿಯಲ್ಲೇ ಇವೆ. ಸರಕಿನ ಪಟ್ಟಿಯನ್ನು ಮಾತ್ರ ಮೊಂಗೋದಿಂದ ವಾಪಸ್ ತರುತ್ತಿಲ್ಲ. ಅದು ಈಗ ಸರಿಯಾಗಿ ನಡೆಯುತ್ತಿದೆ, ಸಾಗಿಸುವ ಶ್ರಮಕ್ಕೆ ತಕ್ಕ ಲಾಭವಿಲ್ಲ.

ಈಗ ಮುಂದಿರುವ ಕೆಲಸ ಹುಡುಕಾಟದ್ದು. ಕನ್ನಡದ ವಿಭಕ್ತಿಗಳನ್ನು ಬಿಡಿಸಿ ಮೂಲಪದ ಹುಡುಕುವ ಸೌಲಭ್ಯ ಮೊಂಗೋದ ಪಠ್ಯ ಇಂಡೆಕ್ಸ್‌ನಲ್ಲಿಲ್ಲ, ‘ಸೀರೆಗೆ’ ಎಂದರೆ ‘ಸೀರೆ’ ಸಿಗುವುದಿಲ್ಲ. ಇದಕ್ಕೆ ಎಲಾಸ್ಟಿಕ್‌ಸರ್ಚ್ ಎಂಬ ಹುಡುಕಾಟದ ತಂತ್ರಾಂಶ ತಂದು ವಿಭಕ್ತಿ ಪ್ರತ್ಯಯಗಳ ನಿಯಮಗಳನ್ನು ತಾವೇ ಬರೆಯಲು ಹೊರಟಿದ್ದಾರೆ. ಅದೂ ನಕಲೇ, ಅದೇ ಔಟ್‌ಬಾಕ್ಸ್‌ನಿಂದ ತುಂಬಬೇಕು. ಆದರೆ ಔಟ್‌ಬಾಕ್ಸ್ ಸಾಲಿನಲ್ಲಿ ‘ಕಳಿಸಿದ ಸಮಯ’ ಎಂಬ ಕಾಲಂ ಒಂದೇ ಇದೆ. ಮೊಂಗೋಗೆ ಹೋಗಿ ಎಲಾಸ್ಟಿಕ್‌ಸರ್ಚ್‌ಗೆ ಹೋಗದ ಸಾಲನ್ನು ಕಳಿಸಿದ್ದು ಎನ್ನಬೇಕೋ ಕಳಿಸದ್ದು ಎನ್ನಬೇಕೋ? ಪ್ರತಿ ಗುರಿಗೂ ಬೇರೆ ಗುರುತು ಇರುವ ಎರಡನೆಯ ಟೇಬಲನ್ನು ಮೊದಲು ಕಟ್ಟಿ, ಎಲಾಸ್ಟಿಕ್‌ಸರ್ಚ್ ಸರ್ವರನ್ನು ಆಮೇಲೆ ಏರಿಸುವುದೆಂದು ಕೆಲಸದ ಪಟ್ಟಿಯಲ್ಲಿ ಬರೆದುಕೊಂಡಿದ್ದಾರೆ.